ಹಳೆಯ ಮನೆಯೂ ಎದೆಗುಂದುವಿಕೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ಹಳೆಯ ಮನೆಯನ್ನು ರಿಪೇರಿ ಮಾಡಿಸಿ ನೋಡು ಎಂಬ ಮೂರನೆಯ ಮಾತನ್ನು ಅವರು ಅದಕ್ಕೆ ಸೇರಿಸಲಿಲ್ಲ. ಬಹುಶಃ ಅವರ ಕಾಲದಲ್ಲಿ ರಿಪೇರಿಯೆಂಬುದು ಬೇರೆಯಾದೊಂದು ಕೆಲಸವಾಗಿಯೇ ಇರಲಿಲ್ಲ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವುದು, ಹಬ್ಬಕ್ಕೆ ಮುನ್ನ ಗೋಡೆಗೆ ಸುಣ್ಣ ಬಳಿಯುವುದು, ನೆಲ ಸಾರಿಸುವುದು ಇವೆಲ್ಲ ಬಾಳಿನ ನಿತ್ಯಕರ್ಮಗಳಲ್ಲಿ ಸೇರಿಹೋಗಿದ್ದುವು. ಮನೆ ದಿನವೂ ಸ್ವಲ್ಪ ಸ್ವಲ್ಪ ಹಾಳಾಗುತ್ತಿತ್ತು. ದಿನವೂ ಸ್ವಲ್ಪ ಸ್ವಲ್ಪ ಸರಿಯಾಗುತ್ತಿತ್ತು. ತುಂಬಿದ ಮನೆ ಬರಿದಾಗಿ, ಮಕ್ಕಳು ಊರೂರು ಸೇರಿ, ಆ ನಿತ್ಯಕರ್ಮ ಕೈಬಿಟ್ಟುಹೋದ ಈ ಕಾಲದಲ್ಲಿ, ಹಲವು ವರ್ಷಗಳ ಬಾಕಿಯೆಲ್ಲ ಒಂದೇ ಸಲಕ್ಕೆ ತಲೆಯ ಮೇಲೆ ಬರುತ್ತದೆ. ಆಗ ಗಾದೆಯ ಆ ಮೂರನೆಯ ಮಾತು ತಾನಾಗಿ ಬಾಯಿಗೆ ಬರುತ್ತದೆ.

ಕಟ್ಟುವವನಿಗೂ ರಿಪೇರಿ ಮಾಡುವವನಿಗೂ ಒಂದು ಭೇದವುಂಟು. ಹೊಸಮನೆ ಕಟ್ಟಿಸುವವನು ಸಂಜೆ ಬಂದು ನೋಡಿದರೆ ಗೋಡೆ ಬೆಳಗ್ಗೆಗಿಂತ ಒಂದು ಗೇಣು ಎತ್ತರವಾಗಿರುತ್ತದೆ. ಖರ್ಚಾದ ಹಣ ಕಣ್ಣಿಗೆ ಕಾಣುತ್ತದೆ. ರಿಪೇರಿ ಮಾಡಿಸುವವನ ಪಾಡು ಇದಕ್ಕೆ ವಿರುದ್ಧ. ಅವನ ಕೆಲಸದ ಮೊದಲ ಅರ್ಧವೆಲ್ಲ ಬಿಚ್ಚುವುದು, ಕೀಳುವುದು, ಕೆದಕುವುದು. ಒಂದು ತಿಂಗಳು ದುಡಿದು, ಕೈಯಲ್ಲಿದ್ದ ಹಣದಲ್ಲಿ ಬಹುಪಾಲು ಕರಗಿದ ಮೇಲೆ, ಮನೆ ಮೊದಲಿದ್ದುದಕ್ಕಿಂತಲೂ ಕೆಟ್ಟದಾಗಿ ಕಾಣುತ್ತದೆ. ಎದೆ ಕುಗ್ಗುವುದು ಅಲ್ಲಿ. ಹೀಗೆ ಎದೆಗುಂದುವುದೆಂದರೆ ಏನು? ಅದನ್ನು ಗೆಲ್ಲಬೇಕೆ, ಇಲ್ಲವೆ ಅದು ಹೇಳುವ ಮಾತನ್ನು ಕೇಳಬೇಕೆ? ಹಿಡಿದ ಕೆಲಸವನ್ನು ಬಿಡದಿರುವುದು ಎಲ್ಲ ಕಾಲಕ್ಕೂ ಸದ್ಗುಣವೆ? ನೀತಿಯ ಪುಸ್ತಕಗಳಲ್ಲಿ ಇವು ಹಳೆಯ ಪ್ರಶ್ನೆಗಳು. ಆದರೆ ಪ್ರಶ್ನೆಯನ್ನು ಪುಸ್ತಕದಲ್ಲಿ ಓದುವುದು ಬೇರೆ. ಅರ್ಧ ಕೆಡವಿದ ಗೋಡೆಯ ಮುಂದೆ ನಿಂತು ಅದಕ್ಕೆ ಉತ್ತರ ಕೊಡಬೇಕಾಗಿ ಬರುವುದು ಬೇರೆ.

ನಮ್ಮದು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯ ಮನೆ, ಅಜ್ಜ ಕಟ್ಟಿಸಿದ್ದು. ಮಣ್ಣಿನ ಗೋಡೆ, ಮರದ ತೊಲೆ, ಮಂಗಳೂರು ಹೆಂಚಿನ ಮಾಡು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಂದ ಮುಂದೆ ಕರಾವಳಿಯ ಕಾರ್ಖಾನೆಗಳ ಕೆಂಪು ಹೆಂಚು ಘಾಟಿ ಹತ್ತಿ ಬಂದು, ಮಲೆನಾಡಿನ ಎಷ್ಟೋ ಸೋಗೆಯ ಮಾಡುಗಳನ್ನೂ ಹುಲ್ಲಿನ ಮಾಡುಗಳನ್ನೂ ಇಳಿಸಿತು. ನಮ್ಮ ಮನೆಯ ಹೆಂಚೂ ಆ ದಾರಿಯಲ್ಲಿ ಬಂದುದೇ. ಈಗ ಅಲ್ಲಿರುವವರು ಎಪ್ಪತ್ತೆಂಟು ದಾಟಿದ ನಮ್ಮ ತಾಯಿಯವರೊಬ್ಬರೇ. ನಾನು ಕೆಲಸ ಮಾಡುವ ಊರಿಗೆ ಬಂದಿರಿ ಎಂದರೆ ಬರುತ್ತಾರೆ. ಹತ್ತು ದಿನಕ್ಕೆ ಹಿತ್ತಲಿನ ನೆನಪು ಬಂದು ಹೊರಟುಬಿಡುತ್ತಾರೆ. ಆದುದರಿಂದ ಆ ಮನೆಯನ್ನು ಅವರು ನಿರ್ಭಯವಾಗಿ ಇರುವಂತೆ ಮಾಡಬೇಕೆಂದು, 2022ರ ಜನವರಿಯಲ್ಲಿ ಕೆಲಸಕ್ಕೆ ಕೈಹಾಕಿದ್ದಾಯಿತು. ಮಾಡು ಬಿಚ್ಚಿ, ಸೋರುವ ಕಡೆ ಸರಿಮಾಡಿ, ಮಳೆಗೆ ಮುನ್ನ ಹೊದಿಸುವುದು. ಮೇಸ್ತ್ರಿಯ ಲೆಕ್ಕದಲ್ಲಿ ಎರಡು ತಿಂಗಳ ಕೆಲಸ.

ಹೆಂಚು ಇಳಿಸಿದಾಗ ಮೊದಲನೆಯ ತೊಡಕು ಕಂಡಿತು. ಒಡೆದ ಹೆಂಚಿಗೆ ಬದಲು ಹೆಂಚು ತಂದರೆ ಅದು ಹಳೆಯದರ ಪಕ್ಕದಲ್ಲಿ ಕೂರಲೊಲ್ಲದು. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಬಗೆ; ಒಂದರ ಅಂಚಿನ ತೋಡಿನಲ್ಲಿ ಇನ್ನೊಂದರ ಏಣು ಹೊಂದುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಾಲು ಮುಗಿಯುವ ವೇಳೆಗೆ ಅದು ಗೇಣಾಗುತ್ತದೆ. ಎರಡನೆಯದು ಗೆದ್ದಲು. ಗೋಡೆಯ ತಲೆಯ ಮೇಲೆ ಮಲಗಿಸಿದ ತೊಲೆ ಹೊರಗಿನಿಂದ ನೋಡಿದರೆ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಬಡಗಿ ಉಳಿಯಿಟ್ಟು ಒತ್ತಿದ. ಉಳಿ ಹಿಡಿಯವರೆಗೆ ಒಳಗಿಳಿಯಿತು. ಗೆದ್ದಲು ನೆಲದಿಂದ ಮಣ್ಣುಗೋಡೆಯೊಳಗೇ ದಾರಿ ಮಾಡಿಕೊಂಡು ಮೇಲೆ ಹತ್ತಿ, ತೊಲೆಯ ತಿರುಳನ್ನೆಲ್ಲ ತಿಂದು, ಸಿಪ್ಪೆಯನ್ನು ಮಾತ್ರ ನಮಗಾಗಿ ಉಳಿಸಿತ್ತು. ಮೂರನೆಯದು ಗೋಡೆಯೇ. ಬಹಳ ಹಿಂದೆ, ಗಟ್ಟಿಯಾಗಲಿ ಎಂಬ ಸದುದ್ದೇಶದಿಂದಲೇ, ಅದಕ್ಕೆ ಸಿಮೆಂಟಿನ ಗಾರೆ ಮಾಡಿಸಿದ್ದರು. ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ, ಹೊರಗೆ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡಿಮಾಡುವುದಿಲ್ಲ. ಸಿಮೆಂಟು ಆ ಉಸಿರನ್ನು ಕಟ್ಟುತ್ತದೆ. ಬೆರಳಿನಿಂದ ತಟ್ಟಿದರೆ ಗಾರೆ ಟೊಳ್ಳಾಗಿ ದನಿಗೊಟ್ಟಿತು. ಕಿತ್ತರೆ ಹಿಂದಿನ ಮಣ್ಣು ಹಸಿಯಾಗಿ ಉದುರಿತು.

ಎರಡು ತಿಂಗಳ ಕೆಲಸ ನಾಲ್ಕಾಯಿತು. ಆ ವರ್ಷ ಮೇ ತಿಂಗಳ ನಡುವೆಯೇ ಮಳೆ ಹಿಡಿಯಿತು. ಮಾಡಿನ ಅರ್ಧಕ್ಕೆ ಹೆಂಚು, ಇನ್ನರ್ಧಕ್ಕೆ ಟಾರ್ಪಾಲು. ಒಂದು ರಾತ್ರಿ ಪಡುವಣ ಗೋಡೆಯ ಮೇಲ್ಭಾಗ ಒಂದು ಮಾರಿನಷ್ಟು ಕುಸಿದು ಕೂತಿತು. ನಮ್ಮ ತಾಯಿಯವರು ಪಕ್ಕದ ಕೋಣೆಯಲ್ಲಿದ್ದರು. ಯಾರಿಗೂ ಏನೂ ಆಗಲಿಲ್ಲ. ಬೆಳಗ್ಗೆ ತಮ್ಮ ಬೆಂಗಳೂರಿನಿಂದ ಫೋನು ಮಾಡಿದ: “ಅಣ್ಣಯ್ಯ, ಇನ್ನು ಸಾಕು. ಕೆಡವಿಬಿಡೋಣ. ಅಮ್ಮನಿಗೆ ಎರಡು ಕೋಣೆಯ ತಾರಸಿ ಮನೆ ಕಟ್ಟಿಸೋಣ.” ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಉತ್ತರ ಹೇಳಲು ನನ್ನಲ್ಲಿ ಮಾತೂ ಇರಲಿಲ್ಲ.

ಮಾತು ಬಂದದ್ದು ಮೇಸ್ತ್ರಿಯಿಂದ. ಕುಸಿದ ಮಣ್ಣನ್ನು ಸಲಿಕೆಯಿಂದ ಎಳೆಯುತ್ತ, ನನ್ನ ಮುಖ ನೋಡದೆಯೇ ಅವನೆಂದ: “ಬಿಚ್ಚಿದ್ದಕ್ಕೆ ಕಂಡಿತು ಮೇಷ್ಟ್ರೇ. ಬಿಚ್ಚಿದ್ದಕ್ಕೆ ಹಾಳಾಗಿದ್ದಲ್ಲ.”

ಈ ಮಾತನ್ನು ನಾನು ಆಮೇಲೆ ಬಹಳ ದಿನ ಯೋಚಿಸಿದೆ. ತೊಲೆಯನ್ನು ಗೆದ್ದಲು ತಿಂದದ್ದು ನಿನ್ನೆ ಮೊನ್ನೆಯಲ್ಲ. ಆ ತೊಲೆಯ ಕೆಳಗೆ ನಾವು ಊಟಮಾಡಿದ್ದೇವೆ, ಮಲಗಿದ್ದೇವೆ, ಮನೆ ಗಟ್ಟಿಯಾಗಿದೆಯೆಂದು ಬಂದವರೊಡನೆ ಹೆಮ್ಮೆಪಟ್ಟಿದ್ದೇವೆ. ಆಗಲೂ ತೊಲೆ ಟೊಳ್ಳೇ. ಉಳಿ ಇಳಿದ ಗಳಿಗೆಯಲ್ಲಿ ಮರಕ್ಕೆ ಆದ ನಷ್ಟ ಒಂದು ಬೆರಳಿನಷ್ಟು. ಉಳಿದ ನಷ್ಟವೆಲ್ಲ ಆದುದು ನಮ್ಮ ಮನಸ್ಸಿನಲ್ಲಿದ್ದ ಮನೆಗೆ. ಸ್ವಲ್ಪ ಹಳತು, ಸ್ವಲ್ಪ ಸೋರುವುದು, ಎರಡು ತಿಂಗಳಲ್ಲಿ ಸರಿಹೋಗುವುದು ಎಂದು ನಾವು ಚಿತ್ರಿಸಿಕೊಂಡಿದ್ದ ಒಂದು ಮನೆಯಿತ್ತು. ನಾವು ರಿಪೇರಿಗೆ ಹೊರಟದ್ದು ಆ ಮನೆಯನ್ನು. ಅದು ಎಲ್ಲಿಯೂ ಇರಲಿಲ್ಲ. ಎದೆಗುಂದುವಿಕೆಯೆಂದರೆ ಬಹುಮಟ್ಟಿಗೆ ಇದೇ: ಇಲ್ಲದ ಮನೆಯ ಸೂತಕ. ಕಷ್ಟವೇ ಬೇರೆ, ಇದೇ ಬೇರೆ. ಭಾರವಾದ ಮರ ಹೊರುವುದು ಕಷ್ಟ. ಹೊರುವವನು ದಣಿಯುತ್ತಾನೆ, ಕುಗ್ಗುವುದಿಲ್ಲ. ಕುಗ್ಗುವವನು ಕೆಲಸದ ಭಾರಕ್ಕೆ ಕುಗ್ಗುವುದಕ್ಕಿಂತ ಹೆಚ್ಚಾಗಿ, ತಾನು ನಂಬಿದ್ದ ಚಿತ್ರ ಹರಿದುದಕ್ಕೆ ಕುಗ್ಗುತ್ತಾನೆ.

ಇದು ಮಲೆನಾಡಿಗೆ ಮಾತ್ರ ಸೇರಿದ ಅನುಭವವೂ ಅಲ್ಲ. ಅಮೆರಿಕದಲ್ಲಿ ಮೊಬೈಲ್ ಹೋಮ್ ಎಂಬ ಒಂದು ಬಗೆಯ ಮನೆಯುಂಟು. ಅದು ಕಾರ್ಖಾನೆಯಲ್ಲಿ ತಯಾರಾಗಿ, ಉಕ್ಕಿನ ಚೌಕಟ್ಟಿನ ಮೇಲೆ ಗಾಲಿಯುರುಳಿಸಿಕೊಂಡು ಬರುತ್ತದೆ. ಒಮ್ಮೆ ಬಂದು ನಿಂತರೆ ಸಾಮಾನ್ಯವಾಗಿ ಅಲ್ಲಿಂದ ಕದಲುವುದಿಲ್ಲ. ಇಂಥ ಮನೆಗಳ ಕಟ್ಟೋಣಕ್ಕೆ ಇಡೀ ದೇಶಕ್ಕೆ ಒಂದೇ ನಿಯಮ ಜಾರಿಗೆ ಬಂದುದು 1976ರ ಜೂನ್‌ನಲ್ಲಿ. ಕೈಯಲ್ಲಿ ಹೆಚ್ಚು ಹಣವಿಲ್ಲದವರು ಹಳೆಯದೊಂದನ್ನು ಅಗ್ಗಕ್ಕೆ ಕೊಂಡು ಸರಿಮಾಡಿಕೊಳ್ಳುವುದುಂಟು. ಅಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಗೆ ಕೊಂಡ. ಬಚ್ಚಲಿನ ಬಳಿ ನೆಲ ಸ್ವಲ್ಪ ಮೆತ್ತಗಿತ್ತಂತೆ. ಹಾಸನ್ನು ಎತ್ತಿ ನೋಡಿದ. ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ ಅದು. ನೀರು ಕುಡಿದರೆ ಅವಲಕ್ಕಿಯಂತೆ ಉಬ್ಬುತ್ತದೆ. ಹಲಗೆ ತೆಗೆದರೆ ಕೆಳಗಿನ ಅಡ್ಡಪಟ್ಟಿ ಕೊಳೆತಿದೆ. ಅಡ್ಡಪಟ್ಟಿ ಏಕೆ ಕೊಳೆಯಿತೆಂದು ಹುಡುಕಿದರೆ ಮಾಡಿನ ಒಂದು ಸಂದಿನಿಂದ ಇಳಿದ ನೀರು ಗೋಡೆಯೊಳಗೇ ಹರಿದು ಬಂದಿದೆ. “ಒಂದು ಹಲಗೆ ಬದಲಿಸಲು ಹೋದೆ ಸಾರ್; ಈಗ ಮನೆಯೊಳಗೆ ನಿಂತರೆ ಕಾಲಕೆಳಗಿನ ಮಣ್ಣು ಕಾಣುತ್ತಿದೆ” ಎಂದು ಬರೆದಿದ್ದ. ಓದಿ ನಗು ಬಂದಿತು. ಜೊತೆಗೇ ನಮ್ಮ ಮೇಸ್ತ್ರಿಯ ಮಾತು ನೆನಪಾಯಿತು.

ಇಂಥ ಸಮಯದಲ್ಲಿ ಲೋಕ ನಮಗೆ ಎರಡು ಬುದ್ಧಿವಾದಗಳನ್ನು ಹೇಳುತ್ತದೆ. ಒಂದು, ಬಿಡದೆ ಪ್ರಯತ್ನಿಸು ಎಂಬುದು. ಸ್ಕಾಟ್‌ಲೆಂಡಿನ ದೊರೆ ಬ್ರೂಸನೂ ಅವನ ಗುಹೆಯ ಜೇಡವೂ ಪಾಠದ ಪುಸ್ತಕಗಳಲ್ಲಿ ಎಷ್ಟು ತಲೆಮಾರಿನ ಮಕ್ಕಳಿಗೆ ಇದನ್ನು ಹೇಳಿವೆಯೋ! ಕಥೆ ಸೊಗಸಾದುದೇ. ಆದರೆ ಜೇಡಕ್ಕೆ ಬ್ಯಾಂಕಿನ ಸಾಲವಿಲ್ಲ. ನೂಲು ತನ್ನ ಹೊಟ್ಟೆಯಿಂದಲೇ ಬರುತ್ತದೆ. ಇನ್ನೊಂದು, ಫಲದ ಆಸೆಯನ್ನು ಬಿಡು ಎಂಬುದು. ಗೀತೆಯ ಹೆಸರು ಹೇಳಿ ಇದನ್ನು ಎಷ್ಟು ಹಗುರವಾಗಿ ಆಡುತ್ತೇವೆಂದರೆ, ಹೆಂಚು ಹೊದಿಸುವವನು ಮಾಡು ಸೋರಿದರೇನು, ಸೋರದಿದ್ದರೇನು ಎಂದು ನಿರ್ಲಿಪ್ತನಾಗಿ ಹೊದಿಸಬೇಕೆಂಬಂತೆ ಕೇಳಿಸುತ್ತದೆ. ಮಾಡು ಸೋರದಂತೆ ಹೊದಿಸುವುದೇ ಅವನ ಕರ್ಮ. ಆ ಎಚ್ಚರವಿಲ್ಲದ ಕರ್ಮ ಕರ್ಮವೇ ಅಲ್ಲ. ಗೀತೆಯನ್ನು ಹಾಗೆ ಆಡುವವರು ಅದರ ಮೊದಲನೆಯ ಅಧ್ಯಾಯದ ಹೆಸರನ್ನು ಮರೆಯುತ್ತಾರೆ. ಅದು ಅರ್ಜುನವಿಷಾದಯೋಗ. ವಿಲ್ಲು ಕೈಜಾರಿ ರಥದಲ್ಲಿ ಕುಸಿದು ಕೂತವನ ವಿಷಾದಕ್ಕೂ ಯೋಗವೆಂಬ ಹೆಸರು ಸಂದಿದೆ. ವಿಷಾದ ಬಾರದೆ ಇದ್ದಿದ್ದರೆ ಪ್ರಶ್ನೆಯಿಲ್ಲ. ಪ್ರಶ್ನೆಯಿಲ್ಲದಿದ್ದರೆ ಉಪದೇಶವೂ ಇಲ್ಲ. ಎದೆಗುಂದಿದುದು ನಾಚಿಕೆಯ ಸಂಗತಿಯಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ನಾಚಿಕೆಯಲ್ಲ, ನಿಜ, ಆದರೆ ಅದಕ್ಕೆ ಕೊಡಬೇಕಾದ ಸ್ಥಾನವೆಷ್ಟು? ಇಲ್ಲಿ ನನಗೆ ನೆರವಾದುದು, ತರಗತಿಯಲ್ಲಿ ವರ್ಷವರ್ಷವೂ ಪಾಠಹೇಳುವ ಕಾವ್ಯಮೀಮಾಂಸೆಯ ಒಂದು ಒಣ ಪಟ್ಟಿ. ಭರತನು ಭಾವಗಳನ್ನು ವಿಂಗಡಿಸುವಾಗ ಕೆಲವನ್ನು ಸ್ಥಾಯಿಯೆಂದೂ ಮೂವತ್ತಮೂರನ್ನು ವ್ಯಭಿಚಾರಿಯೆಂದೂ ಹೇಳಿದ್ದಾನೆ. ಸ್ಥಾಯಿಯೆಂದರೆ ನೆಲೆನಿಲ್ಲುವುದು, ವ್ಯಭಿಚಾರಿಯೆಂದರೆ ಬಂದುಹೋಗುವುದು. ವೀರರಸಕ್ಕೆ ಸ್ಥಾಯಿ ಉತ್ಸಾಹ. ನಿರ್ವೇದ, ವಿಷಾದ, ದೈನ್ಯ, ಶ್ರಮ ಇವೆಲ್ಲ ವ್ಯಭಿಚಾರಿಗಳ ಸಾಲಿನಲ್ಲಿವೆ. ವೀರನಿಗೆ ವಿಷಾದ ಬರಲೇಬಾರದೆಂದು ಆಚಾರ್ಯರು ವಿಧಿಸಲಿಲ್ಲ. ಅಲೆಗಳು ಏಳುತ್ತವೆ, ಬೀಳುತ್ತವೆ. ನೀರು ಇದ್ದೇ ಇರುತ್ತದೆ. ಹಾಗಾದರೆ ಕುಗ್ಗಿದ ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ, ನಾನೇಕೆ ಕುಗ್ಗಿದೆ ಎಂಬುದಷ್ಟೇ ಅಲ್ಲ. ಇದರ ಕೆಳಗೆ ನೆಲೆನಿಂತಿರುವುದು ಯಾವುದು? ಈ ಕೆಲಸಕ್ಕೆ ನಾನು ಹೊರಟದ್ದು ಯಾವ ಪ್ರೀತಿಯಿಂದ? ಅದು ಈಗಲೂ ಇದೆಯೆ? ಇದ್ದರೆ, ವಿಷಾದ ಬಂದ ದಾರಿಯಲ್ಲೇ ಹೋಗುತ್ತದೆ. ಆ ಪ್ರೀತಿಯೇ ಇಲ್ಲದಿದ್ದರೆ ಎಷ್ಟು ಜೇಡಗಳ ಕಥೆ ಹೇಳಿದರೂ ಪ್ರಯೋಜನವಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಇದು ಬರಿಯ ಸಮಾಧಾನದ ಮಾತಾದೀತು. ನಮ್ಮ ಜನ ಮೆಚ್ಚುವ ಒಂದು ಗುಣವುಂಟು, ಛಲ. ನಮ್ಮ ಹಳಗನ್ನಡದ ಕವಿಗಳು ದುರ್ಯೋಧನನಂಥವನನ್ನೂ ಅವನ ಛಲಕ್ಕಾಗಿ ಕೊಂಡಾಡಿದರು. ರನ್ನನು ‘ಗದಾಯುದ್ಧ’ದಲ್ಲಿ ಅವನ ಕೊನೆಯ ದಿನವನ್ನು ನಮ್ಮ ಕರುಳು ಕರಗುವಂತೆ ಚಿತ್ರಿಸಿದನು. ಆದರೆ ಆ ಛಲಕ್ಕೆ ಬೆಲೆ ತೆತ್ತವರು ಯಾರು? ನೂರುಮಂದಿಯಲ್ಲಿ ಉಳಿದ ತಮ್ಮಂದಿರು, ಕರ್ಣ, ದ್ರೋಣ, ಹೆಸರಿಲ್ಲದ ಕಾಲಾಳುಗಳು. ಛಲಕ್ಕೂ ಹಠಕ್ಕೂ ಇರುವ ಗೆರೆ ಇಲ್ಲಿದೆಯೆಂದು ನನಗೆ ತೋರುತ್ತದೆ. ಹಿಡಿದುದನ್ನು ಬಿಡದಿರುವಾಗ ಅದರ ಖರ್ಚನ್ನು ಯಾರು ತೆರುತ್ತಾರೆ ಎಂದು ಕೇಳಿಕೊಳ್ಳುವವನದು ಛಲ, ಕೇಳಿಕೊಳ್ಳದವನದು ಹಠ. ಕುಸಿದ ಗೋಡೆಯ ಪಕ್ಕದ ಕೋಣೆಯಲ್ಲಿ ಮಲಗುವವರು ನಮ್ಮ ತಾಯಿ. ಮಳೆಯಿಂದ ಕೆಲಸ ನಿಂತರೆ ಕೂಲಿ ತಪ್ಪುವುದು ಆಳುಗಳಿಗೆ. ಮನೆಯ ಮೇಲಿನ ಮಮತೆ ನನ್ನದು, ಅಪಾಯ ಅವರದು ಎಂದಾದರೆ ಆ ಮಮತೆಗೆ ನೀತಿಯ ಬಲವಿಲ್ಲ.

ಇನ್ನೊಂದು ಮೋಸವೂ ಉಂಟು. ಇಷ್ಟು ಹಣ ಹಾಕಿದ್ದೇವಲ್ಲ, ಈಗ ಬಿಡುವುದು ಹೇಗೆ ಎಂಬ ಮಾತು. ಕೇಳಲು ಇದು ವಿವೇಕದಂತಿದೆ. ಆದರೆ ಹೋದ ಹಣ ಮುಂದುವರಿದರೂ ಬಾರದು, ನಿಲ್ಲಿಸಿದರೂ ಬಾರದು. ಇಂದು ಈ ಮನೆಯನ್ನು ಹೊಸದಾಗಿ ಕಂಡು, ಅದರ ಹುಳುಕನ್ನೆಲ್ಲ ತಿಳಿದು, ಕೈಯಲ್ಲಿ ಉಳಿದ ಹಣ ಇಷ್ಟೇ ಎಂದು ಗೊತ್ತಿದ್ದು, ನಾನು ಈ ಕೆಲಸಕ್ಕೆ ಕೈಹಾಕುತ್ತಿದ್ದೆನೆ? ಕೇಳಬೇಕಾದ ಪ್ರಶ್ನೆ ಅದೊಂದೇ.

ಆ ಪ್ರಶ್ನೆಯನ್ನು ನಾವು ಕೇಳಿಕೊಂಡೆವು. ತಮ್ಮ ಊರಿಗೆ ಬಂದ, ತಾಯಿಯವರೂ ಕೂತರು. ಇಡೀ ಮನೆಯನ್ನು ಸರಿಮಾಡುವುದು ನಮ್ಮ ಶಕ್ತಿಗೆ ಮೀರಿದುದು ಎಂಬುದು ನಿಚ್ಚಳವಾಯಿತು. ಇಡೀ ಮನೆಯನ್ನು ಕೆಡವಬೇಕೆಂಬುದು ಅದರಿಂದ ಸಿದ್ಧವಾಗುವುದಿಲ್ಲ ಎಂಬುದೂ ನಿಚ್ಚಳವಾಯಿತು. ಪಡುವಣ ಕಡೆಯ ಕೊಟ್ಟಿಗೆಯಲ್ಲಿ ಈಗ ದನವಿಲ್ಲ. ಭತ್ತದ ಕೋಣೆಯಲ್ಲಿ ಭತ್ತವಿಲ್ಲ. ಅವೆರಡನ್ನೂ ಇಳಿಸಿದೆವು. ಅವುಗಳ ಹೆಂಚು ಅದೇ ಕಾರ್ಖಾನೆಯ ಅದೇ ಅಚ್ಚಿನದು; ನಡುಮನೆಯ ಮಾಡಿಗೆ ಒಂದಕ್ಕೊಂದು ಹೊಂದಿ ಕೂತಿತು. ಕೊಟ್ಟಿಗೆಯ ಎರಡು ಗಟ್ಟಿ ತೊಲೆಗಳು ತಿನಿಸಾದ ತೊಲೆಯ ಜಾಗಕ್ಕೆ ಏರಿದುವು. ಗೋಡೆಗೆ ಮತ್ತೆ ಸುಣ್ಣದ ಗಾರೆ. ಭಾಗವನ್ನು ಬಿಟ್ಟುಕೊಟ್ಟದ್ದರಿಂದಲೇ ಉಳಿದುದು ಉಳಿಯಿತು. “ಇರುವವಳು ನಾನೊಬ್ಬಳು, ಇಷ್ಟು ಸಾಲದೇನೋ?” ಎಂದರು ತಾಯಿಯವರು. ಅಷ್ಟು ತಿಂಗಳೂ ಅವರು ಟಾರ್ಪಾಲಿನ ತೂತಿಗೆ ಪಾತ್ರೆಯೊಡ್ಡುತ್ತ, ನಾಲ್ಕು ಗಂಟೆಗೆ ಸರಿಯಾಗಿ ಆಳುಗಳಿಗೆ ಕಾಫಿ ಕೊಡುತ್ತ ಇದ್ದುಬಿಟ್ಟಿದ್ದರು. ನಮ್ಮ ಮುಖ ಬಾಡಿದರೂ ಆ ಕಾಫಿಯ ಹೊತ್ತು ತಪ್ಪಲಿಲ್ಲ.

ಆ ಕಾಫಿಯ ಹೊತ್ತಿನಲ್ಲಿ ಒಂದು ತತ್ತ್ವವಿದೆ. ದೊಡ್ಡ ಕೆಲಸವನ್ನು ಇಡಿಯಾಗಿ ನೋಡುವವನು ಯಾವ ದಿನವೂ ಕುಗ್ಗದಿರಲಾರ. ದಿನದ ಅಳತೆಗೆ ಇಳಿಸಿಕೊಂಡವನು ಸಂಜೆಗೆ ಒಂದನ್ನು ಮುಗಿಸಿರುತ್ತಾನೆ. ಮಂಗಳೂರಿಗೆ ಹೆಂಚಿನ ಕಾರ್ಖಾನೆ ತಂದ ಆ ಬಾಸೆಲ್ ಮಿಷನ್ನಿನವರಲ್ಲೇ ಒಬ್ಬರು ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ನಮ್ಮ ನಾಡಿಗೆ ಬಂದವರು. ಅವರ ಕನ್ನಡ ನಿಘಂಟು ಅಚ್ಚಾಗಿ ಬಂದುದು 1894ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದರೆ, ಎಂಟನೆಯದು ಬಂದುದು 1995ರಲ್ಲಿ. ನಿಘಂಟುಕಾರನ ಕೆಲಸವೂ ಹಳೆಯ ಮನೆಯ ಕೆಲಸದಂತೆಯೇ. ಒಂದು ಶಬ್ದವನ್ನು ಬಿಚ್ಚಿದರೆ ಅದರ ಹಿಂದೆ ಹತ್ತು ತೊಡಕು. ಒಂದು ಚೀಟಿ, ಒಂದು ಶಬ್ದ, ಆ ದಿನಕ್ಕೆ ಅಷ್ಟು ಎಂದು ಕೂತವರಿಗಲ್ಲದೆ ಅಂಥ ಕೆಲಸ ಮುಗಿಯಲಾರದು.

ಮುಗಿಯುವುದೆಂಬ ಮಾತೂ ಪೂರ್ತಿ ನಿಜವಲ್ಲ. ನಿಘಂಟು ಅಚ್ಚಾದ ಮರುದಿನವೇ ಅದರಲ್ಲಿಲ್ಲದ ಶಬ್ದವೊಂದು ಜನರ ಬಾಯಲ್ಲಿ ಹುಟ್ಟಿರುತ್ತದೆ. ಹೆಂಚು ಹೊದಿಸಿದ ಮರುವರ್ಷವೇ ಮಂಗವೊಂದು ಹಾರಿ ನಾಲ್ಕು ಹೆಂಚು ಒಡೆದಿರುತ್ತದೆ. ರಿಪೇರಿಯೆಂದರೆ ಗೆದ್ದು ಮುಗಿಸುವ ಯುದ್ಧವಲ್ಲ; ಹಾಳಾಗುವ ಲೋಕದಲ್ಲಿ ನಮ್ಮ ಪಾಲಿನ ಸರಿಪಡಿಸುವಿಕೆಯನ್ನು ನಡೆಸಿಕೊಂಡು ಹೋಗುವುದು. ಇದನ್ನೊಪ್ಪಿಕೊಂಡವನಿಗೂ ಎದೆಗುಂದುವ ದಿನಗಳು ಬರುತ್ತವೆ. ಬಂದಾಗ ಜಗಲಿಯ ಮೇಲೆ ಕೂರಿಸಿ, ಅದು ತಂದ ಸುದ್ದಿಯನ್ನು ಗಮನವಿಟ್ಟು ಕೇಳಬೇಕು. ಎಲ್ಲಿ ಟೊಳ್ಳಾಗಿದೆ, ಯಾವುದನ್ನು ಬಿಡಬೇಕು ಎಂಬುದನ್ನು ಅದರಷ್ಟು ನಿಷ್ಠುರವಾಗಿ ಹೇಳುವವರು ಬೇರೆ ಯಾರೂ ಇಲ್ಲ. ಕೇಳಿದ ಮೇಲೆ ಎದ್ದು ಆ ದಿನದ ಕೆಲಸಕ್ಕೆ ಹೋಗಬೇಕು. ಮನೆಯ ಬೀಗದ ಕೈಯನ್ನು ಮಾತ್ರ ಅದರ ಕೈಗೆ ಕೊಡಬಾರದು.